ಹವ್ವಾಳ ಸಾಕ್ಷಿ

ಹಿನಾಕೌಸರ ಮುನವಳ್ಳಿಗೆ ತಿರುಗಿ ಬಂದಾಗ ಕಡಲೆ ರಾಶಿ ಮುಗಿಯುತ್ತ ಬಂದಿತ್ತು. ಅವಳ ತಂದೆ ಮೌಲಾಸಾಬ ತನ್ನ ಟೆಂಪೋದಲ್ಲಿ ಕಡಲೆ ಚೀಲ ಹೇರಿಕೊಂಡು ಬೈಲಹೊಂಗಲದ ಪೇಟೆಗೆ ಓಡಾಡುವ ಸುಗ್ಗಿ ಅದು. ಒಂದು ದಿನದ ಬಾಡಿಗೆ ಬಿಟ್ಟು, ಎರಡು ವರ್ಷ ಪರದೇಶದಲ್ಲಿದ್ದ ಮಗಳನ್ನು ಬೆಳಗಾವಿಯಿಂದ ಅದೇ ಟೆಂಪೋದಲ್ಲಿ ಕರೆತಂದ. ಯರಗಟ್ಟಿ ದಾಟಿದ ಮೇಲೆ ಒಮ್ಮೆ, ರಸ್ತೆಯ ಮೇಲಿನ ಕಣ್ಣು ತೆಗೆಯದೆ, "ಕೆಲಸ ಬಿಡಿಸಿದ್ರೇನ ಬೇಟಿ?" ಅಂದ.

"ನನ್ನ ಬಿಡಿಸಲಿಲ್ಲ ಅಬ್ಬಾ. ದವಾಖಾನಿನ ಮುಚ್ಚಿದ್ರು."

"ಯಾಕ, ಜಡ್ಡಿನವರು ಬರೋದು ನಿಂತಿತೇನ?"

"ಬರೋದೇನು ನಿಂದ್ರತೈತಿ? ರೊಕ್ಕ ಕೊಡೋ ದೇಶದವರು ಕೊಡೋದು ನಿಲ್ಲಿಸಿದ್ರು."

ಮೌಲಾಸಾಬನಿಗೆ ಗೊತ್ತಿದ್ದದ್ದು ಇಷ್ಟೇ. ಧಾರವಾಡದಲ್ಲಿ ನರ್ಸಿಂಗ್ ಕಲಿತ ಮಗಳು ಹುಬ್ಬಳ್ಳಿಯಲ್ಲಿ ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ಹೊರದೇಶದ ಒಂದು ನೆರವು ಸಂಸ್ಥೆ ಸೇರಿದಳು. ಅವರು ಆಕೆಯನ್ನು ಆಫ್ರಿಕಾದ ಚಾಡ್ ಅನ್ನುವ ದೇಶಕ್ಕೆ ಕಳಿಸಿದರು. ಪಕ್ಕದ ಸುಡಾನಿನಲ್ಲಿ ಯುದ್ಧ ನಡೆದು, ಅಲ್ಲಿಯ ಜನ ಗಡಿ ದಾಟಿ ಬಂದು ಮರಳಿನ ಮೇಲೆ ಡೇರೆ ಹಾಕಿಕೊಂಡು ಕುಂತಿದ್ದರು. ಅಂಥ ಡೇರೆಗಳ ನಡುವೆ ಇವಳ ದವಾಖಾನೆ. ಬಂಧು ಬಳಗ ಕೇಳಿದಾಗ ತಾಯಿ ಗೌಸಬಿ, "ಅಲ್ಲೆ ಹೆರಿಗಿ ಮಾಡಸ್ತಾಳ ನಮ್ಮ ಹುಡುಗಿ," ಅನ್ನುತ್ತಿದ್ದಳು. ಅದು ಸುಳ್ಳಲ್ಲ. ಆದರೆ ಹಿನಾ ಕೆಲಸ ಮಾಡುತ್ತಿದ್ದ ಡೇರೆಗೆ ಹೆರಿಗೆಗೆ ಬರುವವರು ಕಡಿಮೆ. ಯುದ್ಧದಲ್ಲಿ ಬಂದೂಕು ಹಿಡಿದವರ ಕೈಗೆ ಸಿಕ್ಕು ಹಾಳಾದ ಹೆಣ್ಣುಮಕ್ಕಳೇ ಅಲ್ಲಿಗೆ ಬರುವವರು. ತಲೆನೋವು ಅಂತ ಬರುತ್ತಿದ್ದರು, ಸೊಂಟನೋವು ಅಂತ ಬರುತ್ತಿದ್ದರು. ನಿಜವಾದ ನೋವು ಯಾವುದೆಂದು ಹೇಳಲು ಕೆಲವರಿಗೆ ತಿಂಗಳು ಹಿಡಿಯುತ್ತಿತ್ತು, ಕೆಲವರು ಹೇಳುತ್ತಲೇ ಇರಲಿಲ್ಲ.

ಹವ್ವಾ ಬಂದದ್ದು ಕಾಲಿನ ಗಾಯಕ್ಕೆ. ಹಿನಾಗಿಂತ ಚಿಕ್ಕವಳು, ಎತ್ತರದ ಹುಡುಗಿ. ಊರಲ್ಲಿ ಸಾಲಿಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಬರಿಗಾಲಲ್ಲಿ ಗಡಿಯತನಕ ನಡೆದು ಅಂಗಾಲು ಸೀಳಿತ್ತು. ಹಿನಾ ಬೋಗುಣಿಯಲ್ಲಿ ನೀರು ತಂದು, ಕೆಳಗೆ ಕುಂತು ಕಾಲು ತೊಳೆಯತೊಡಗಿದಾಗ ಅವಳು ಡೇರೆಯ ಬಟ್ಟೆ ನೋಡುತ್ತ ತಾನಾಗೇ ಹೇಳಿದಳು. ಹಿನಾ ಕೇಳಿರಲಿಲ್ಲ. ಕೇಳದೆ ಇದ್ದದ್ದಕ್ಕೇ ಹೇಳಿದಳೇನೋ. ತಾನು ಮತ್ತು ನಾದಿನಿ ಓಡಿಬರುವಾಗ ರಸ್ತೆಯಲ್ಲಿ ಬಂದೂಕಿನವರು ತಡೆದರು. ಪಾಳುಬಿದ್ದ ಒಂದು ಸಾಲಿಯ ಕೋಣೆಗೆ ಒಯ್ದರು. ನಾದಿನಿ ಆ ಕೋಣೆಯಿಂದ ಹೊರಗೆ ಬರಲಿಲ್ಲ. ಅವರ ದಂಡಿನ ನಾಯಕನ ಮುಖ ತನಗೆ ಗೊತ್ತು, ಯುದ್ಧಕ್ಕೆ ಮೊದಲು ತಮ್ಮ ಪೇಟೆಯಲ್ಲೇ ಅವನ ಕುರಿ ವ್ಯಾಪಾರ ಇತ್ತು.

ಹಿನಾ ಚಿಕ್ಕಂದಿನಲ್ಲಿ ಓದಿದ ಅರಬ್ಬಿ ಅಲ್ಲಿ ಉಪಯೋಗಕ್ಕೆ ಬಂದಿತ್ತು. ಉಳಿದದ್ದನ್ನು ಡೇರೆಯ ಹೆಂಗಸರೇ ಕಲಿಸಿದ್ದರು. ಬರಬರುತ್ತ ಹವ್ವಾ ಅರಬ್ಬಿಯಲ್ಲಿ ಆಡಿದ ಮಾತು ಹಿನಾಳ ಕಿವಿಯೊಳಗೆ ಮುನವಳ್ಳಿ ಮಾತಾಗಿಯೇ ಬೀಳುತ್ತಿತ್ತು.

ಆ ಕೋಣೆಯಲ್ಲಿ ಆದದ್ದರಿಂದ ಹವ್ವಾಳ ಒಳಗೆ ತೂತು ಬಿದ್ದಿತ್ತು. ಮೂತ್ರ ನಿಲ್ಲುತ್ತಿರಲಿಲ್ಲ. ಹಗಲು ರಾತ್ರಿ ಸೋರುತ್ತಿತ್ತು. ಬಟ್ಟೆ ಮಡಚಿ ಕಟ್ಟಿಕೊಂಡರೂ ವಾಸನೆ ಬರುತ್ತಿತ್ತು. ನೀರಿನ ಸಾಲಿನಲ್ಲಿ ಅವಳು ಎಲ್ಲರಿಗಿಂತ ಹಿಂದೆ, ನಾಲ್ಕು ಮಾರು ದೂರ ನಿಲ್ಲುತ್ತಿದ್ದಳು. ಗಂಡ ಬದುಕಿದ್ದ. ಅದೇ ಡೇರೆಗಳ ಇನ್ನೊಂದು ಮೂಲೆಯಲ್ಲಿದ್ದ. ಒಮ್ಮೆ ಬಂದು ನೋಡಿ ಹೋದವನು ಮತ್ತೆ ಬರಲಿಲ್ಲ. ಅದಕ್ಕೆ ಆಪರೇಷನ್ ಐತಿ, ವರ್ಷಕ್ಕೆರಡು ಸಲ ಡಾಕ್ಟರು ಬಂದು ಮಾಡುತ್ತಾರೆ, ಮುಂದಿನ ಸಲ ನಿನ್ನ ಪಾಳಿ ಅಂತ ಸಂಸ್ಥೆಯವರು ಹೇಳಿದ್ದರು. ಹವ್ವಾ ಆ ಮಾತು ಹಿಡಿದುಕೊಂಡು ಕುಂತಿದ್ದಳು.

ಅದೇ ಹೊತ್ತಿಗೆ ಯುದ್ಧದ ಅಪರಾಧಗಳನ್ನು ವಿಚಾರಿಸುವ ಅಂತರರಾಷ್ಟ್ರೀಯ ತನಿಖಾ ತಂಡದವರು ಬಂದರು. ಅವರಲ್ಲಿ ಒಬ್ಬ ವಕೀಲೆ, ಕೆಂಪುಗೂದಲಿನ ನಡುವಯಸ್ಸಿನ ಹೆಂಗಸು, ಸಮಾಧಾನದಿಂದ ಮಾತಾಡುವವಳು. ಹವ್ವಾ ಹಿನಾಳನ್ನು ಕೇಳಿದಳು, "ಹೇಳಿದ್ರ ಏನಾಗತೈತಿ?"

"ಏನಾಗತೈತಿ ನನಗ ಗೊತ್ತಿಲ್ಲ," ಅಂದಳು ಹಿನಾ. "ಶಿಕ್ಷಾ ಆಗತೈತಿ ಅಂತ ನಾ ಹೇಳಂಗಿಲ್ಲ. ಯಾರೋ ಒಬ್ಬರು ಬರಕೊಂತಾರ, ಅಷ್ಟ ಗೊತ್ತು."

ಹವ್ವಾ ಯೋಚನೆ ಮಾಡಿದಳು. "ನಮ್ಮ ನಾದಿನಿ ಸಲುವಾಗಿ ಮಾತಾಡಾಕ ನನ್ನ ಬಿಟ್ರ ಯಾರೂ ಇಲ್ಲ," ಅಂದಳು.

ವಕೀಲೆ ಅಂದು ಅವಳ ಹೆಸರು, ಊರು, ಆದದ್ದರ ಸಾರಾಂಶ ಮಾತ್ರ ಕೇಳಿಕೊಂಡು ಹೋದಳು. ಪೂರ್ತಿ ಹೇಳಿಕೆ ಮುಂದೆ ತೆಗೆದುಕೊಳ್ಳುತ್ತೇವೆ ಅಂದಳು. ಅಷ್ಟರೊಳಗೆ ನೆರವು ನಿಂತಿತು. ಮೊದಲು ಔಷಧ ಬರುವುದು ನಿಂತಿತು, ಆಮೇಲೆ ಜೀಪು, ಆಮೇಲೆ ಡಾಕ್ಟರು. ಆಪರೇಷನ್ನಿಗೆ ಬರಬೇಕಾದವರು ಬರಲಿಲ್ಲ. ಹಿನಾ ಹೊರಟ ದಿನ ಹವ್ವಾ ಜೀಪಿನ ಹತ್ತಿರ ಬರಲಿಲ್ಲ, ದೂರದಲ್ಲೇ ನಿಂತು ಕೈ ಎತ್ತಿದಳು.

ಊರಿಗೆ ಬಂದು ಸ್ವಲ್ಪ ದಿನಕ್ಕೇ ಹಿನಾಗೆ ಬೈಲಹೊಂಗಲದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅದನ್ನು ನಡೆಸುತ್ತಿದ್ದ ಡಾಕ್ಟರ್ ಅನ್ನಪೂರ್ಣಾ ಐವತ್ತರ ಆಸುಪಾಸಿನ ಹೆಣ್ಣುಮಗಳು, ಮಾತು ಖಡಕ್ಕು, ಕೈ ಮೆತ್ತಗೆ. ಮುಂಜಾನೆ ಮುನವಳ್ಳಿ ಬಸ್ಸು ಹತ್ತಿದರೆ ಹೊತ್ತು ಮುಳುಗುವ ಹೊತ್ತಿಗೆ ಹಿನಾ ಮನೆಗೆ ಬರುತ್ತಿದ್ದಳು. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಚಾಡಿನಲ್ಲಿ ಇನ್ನೂ ಮುಂಜಾನೆ ಇರುತ್ತಿತ್ತು, ಹವ್ವಾಳ ದನಿ ಫೋನಿಗೆ ಬರುತ್ತಿತ್ತು. ಡೇರೆಯ ಯಾರದೋ ಫೋನು ಇಸಕೊಂಡು ದನಿ ಮುದ್ರಿಸಿ ಕಳಿಸುತ್ತಿದ್ದಳು.

"ಡಾಕ್ಟರ್ ಬರತಾರೇನು? ಸುದ್ದಿ ಐತೇನು?"

ಹಿನಾ ಹಳೆಯ ಸಂಸ್ಥೆಯವರಿಗೆ ಬರೆದಳು. ಉತ್ತರ ಬರೆಯಬೇಕಾದವರೂ ಕೆಲಸ ಕಳಕೊಂಡಿದ್ದರು. ಬೇರೆ ಸಂಸ್ಥೆಗಳಿಗೆ ಬರೆದಳು. ನೋವಾಯಿತು, ಸದ್ಯಕ್ಕೆ ನಮ್ಮಲ್ಲೂ ಸಾಧ್ಯವಿಲ್ಲ ಅಂತ ಎಲ್ಲರೂ ಮರ್ಯಾದೆಯಿಂದಲೇ ಬರೆದರು.

ಆ ದಿನಗಳಲ್ಲೇ ರಾಮದುರ್ಗ ಕಡೆಯ ಸಾಲಹಳ್ಳಿಯಿಂದ ರಾಮವ್ವ ಅನ್ನುವ ಹೆಣ್ಣುಮಗಳು ಬಂದಳು. ಮನೆಯಲ್ಲೇ ಹೆರಿಗೆ ತಡೆದು, ಕೂಸು ಹೋಗಿ, ಅವಳಿಗೂ ಹವ್ವಾಳಂತೆಯೇ ಆಗಿತ್ತು. ಅನ್ನಪೂರ್ಣಾ ಧಾರವಾಡದಿಂದ ಸರ್ಜನ್ನರನ್ನು ಕರೆಸಿದಳು. ಹಿನಾ ಪಕ್ಕದಲ್ಲಿ ನಿಂತು ಕತ್ತರಿ, ದಾರ ಕೊಟ್ಟಳು. ಮುಂಜಾನೆ ಚಹಾ ಕುಡಿದು ಶುರು ಮಾಡಿದ ಕೆಲಸ ಊಟದ ಹೊತ್ತಿಗೆ ಮುಗಿದಿತ್ತು. ಮುಂದೆ ಮೂತ್ರದ ನಳಿಕೆ ತೆಗೆದ ದಿನ ರಾಮವ್ವ ತಾನು ಮಲಗಿದ್ದ ಹಾಸಿಗೆಯ ಮೇಲೆ ಅಂಗೈ ಆಡಿಸಿ ನೋಡಿದಳು. ಒಣಗಿತ್ತು. "ಒಣಗೈತಿ ನೋಡ್ರಿ ಸಿಸ್ಟರ," ಅಂತ ಹಿನಾಳ ಕೈಯನ್ನೂ ಹಿಡಿದು ಅಲ್ಲಿ ಮುಟ್ಟಿಸಿದಳು.

ಹಿನಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಹೊರಗೆ ಬಂದಾಗ ಅನ್ನಪೂರ್ಣಾ ಬಾಗಿಲಲ್ಲೇ ನಿಂತಿದ್ದಳು. ಅಂದು ಹಿನಾ ಅವಳಿಗೆ ಎಲ್ಲ ಹೇಳಿದಳು.

"ಇಲ್ಲಿಗೆ ಕರಸೂಣು," ಅಂದಳು ಅನ್ನಪೂರ್ಣಾ. "ನನ್ನ ಟೇಬಲ್ ಮ್ಯಾಲ ಬರಲಿ ಆಕಿ. ಉಳಿದದ್ದು ನಾ ನೋಡಕೋತೇನಿ."

"ಪಾಸ್‌ಪೋರ್ಟ್ ಇಲ್ಲರಿ ಮೇಡಂ. ಹೊತ್ತಕೊಂಡು ಬಂದದ್ದು ನೀರಿನ ಡಬ್ಬಿ ಅಷ್ಟ. ಹೊಸಾ ಪಾಸ್‌ಪೋರ್ಟ್ ಮಾಡಸಾಕ ಆಕಿ ದೇಶದಾಗ ಆಫೀಸು ಎಲ್ಲಿ ಉಳದಾವ?"

"ಹಂಗಾದ್ರ ಅಲ್ಲೇ ಮಾಡಸೂಣು. ಚಾಡ್ ದೇಶದ ರಾಜಧಾನಿಯೊಳಗ ದವಾಖಾನಿ ಇರತೈತಲ್ಲ. ಖರ್ಚು ನಾ ಕಳಸ್ತೇನಿ."

ಹಿನಾಳ ಮನಸ್ಸಿನಲ್ಲಿ ಒಂದಿಷ್ಟು ಆಸೆ ಮೂಡಿತು. ಎರಡೇ ದಿನ ಇತ್ತು ಅದು. ಮೂರನೆಯ ದಿನ ತನಿಖಾ ತಂಡದ ಕೆಂಪುಗೂದಲಿನ ವಕೀಲೆ ಫೋನು ಮಾಡಿದಳು.

ತಂಡದವರು ಪೂರ್ತಿ ಹೇಳಿಕೆ ತೆಗೆದುಕೊಳ್ಳಲು ಬಂದಿದ್ದರು. ಆದರೆ ಡೇರೆಗಳಿರುವ ಜಾಗಕ್ಕೆ ಬರುವಂತಿಲ್ಲ, ಸಾಕ್ಷಿ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಅರ್ಧ ದಿನದ ದಾರಿಯ ಪಟ್ಟಣದಲ್ಲಿ ಮನೆ ಮಾಡಿದ್ದಾರೆ, ಹವ್ವಾಳನ್ನು ಅಲ್ಲಿಗೆ ಗಾಡಿಯಲ್ಲಿ ಒಯ್ಯಬೇಕು. ಹವ್ವಾ ಒಲ್ಲೆ ಅಂದಿದ್ದಾಳೆ. ಯಾಕೆಂದು ಹೇಳುತ್ತಿಲ್ಲ.

"ಗಾಡಿಯಲ್ಲಿ ಬೇರೆಯವರ ಜೊತೆ ಅಷ್ಟು ಹೊತ್ತು ಕೂಡಲು ಅವಳಿಗೆ ನಾಚಿಕೆ," ಅಂದಳು ಹಿನಾ. "ಸೀಟು ಒದ್ದೆಯಾಗುತ್ತದೆ. ಮೊದಲು ಆಪರೇಷನ್ ಮಾಡಿಸಿ. ಆಮೇಲೆ ಅವಳು ಎಲ್ಲಿಗೆ ಬೇಕಾದರೂ ಬರುತ್ತಾಳೆ. ಇಲ್ಲಿ ಒಬ್ಬ ಡಾಕ್ಟರು ಖರ್ಚು ಕೊಡಲು ತಯಾರಿದ್ದಾರೆ."

ಆ ಕಡೆಯಿಂದ ವಕೀಲೆ ನಿಧಾನವಾಗಿ ಹೇಳಿದಳು.

"ಆ ಕೆಲಸ ದಯವಿಟ್ಟು ಮಾಡಬೇಡಿ. ಹೇಳಿಕೆಗೆ ಮೊದಲು ಅವಳಿಗೆ ನಮ್ಮಿಂದ ಏನೇ ಸಿಕ್ಕರೂ ಎದುರು ಪಕ್ಷದ ವಕೀಲರು, ಸಾಕ್ಷಿಯನ್ನು ಕೊಂಡುಕೊಂಡರು ಅನ್ನುತ್ತಾರೆ. ಅವನ ಮುಖ ಗುರುತು ಹಿಡಿಯಬಲ್ಲವಳು ಬದುಕಿರುವವರಲ್ಲಿ ಅವಳೊಬ್ಬಳೇ."

"ನಿಮ್ಮಿಂದ ಬೇಡ. ನಾನು ಕೊಡಿಸುತ್ತೇನೆ."

"ನೀವೂ ಸಾಕ್ಷಿಯೇ ಹಿನಾ. ಅವಳ ಗಾಯ ಮೊದಲು ನೋಡಿದವರು ನೀವು. ನಿಮ್ಮಿಂದ, ನಿಮಗೆ ಬೇಕಾದವರಿಂದ ಅವಳಿಗೆ ಸಹಾಯ ಹೋದರೆ ಇಬ್ಬರ ಮಾತೂ ಬಿದ್ದುಹೋಗುತ್ತದೆ."

"ಹಾಗಾದರೆ ಅವಳ ಚಿಕಿತ್ಸೆ?"

"ಅದಕ್ಕೆ ನಮ್ಮಲ್ಲಿ ಬೇರೆ ವಿಭಾಗವಿದೆ. ನಾನು ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ. ಅವರು ಹೇಳಿಕೆ ಮುಗಿದ ಮೇಲೆಯೇ ನೋಡುತ್ತಾರೆ. ಯಾವಾಗ ಅಂತ ನಾನು ಮಾತು ಕೊಡಲಾರೆ." ವಕೀಲೆ ಮುಂದುವರಿಸಿದಳು. "ನಿಮ್ಮ ಮಾತನ್ನು ಅವಳು ಕೇಳುತ್ತಾಳೆ ಅಂತ ನನಗೆ ಗೊತ್ತು. ಅವಳನ್ನು ಒಪ್ಪಿಸಿ ಅಂತ ನಾನು ಕೇಳುವುದಿಲ್ಲ, ಕೇಳಬಾರದು. ಪರಿಸ್ಥಿತಿ ಹೀಗಿದೆ ಅಂತ ಹೇಳುತ್ತಿದ್ದೇನೆ ಅಷ್ಟೆ."

ಹಿನಾಗೆ ಬೈಯಬೇಕು ಅನಿಸಿತು. ಆದರೆ ಬೈಯುವಂಥ ಮಾತನ್ನು ಆ ಹೆಂಗಸು ಒಂದೂ ಆಡಿರಲಿಲ್ಲ.

ಆ ಸಂಜೆ ಮನೆಗೆ ಬಂದು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ತಾಯಿಯ ಪಕ್ಕ ಕುಂತಳು. ಫೋನಿನಲ್ಲಿ ಹವ್ವಾಳ ಹೊಸ ಮಾತು ಬಂದಿತ್ತು. ಹಚ್ಚಿದಳು. ಗೌಸಬಿ ಕಿವಿಗೊಟ್ಟಳು. ಅರ್ಥವಾಗಲಿಲ್ಲ, ನಡುನಡುವೆ ಅಲ್ಲಾಹನ ಹೆಸರು ಮಾತ್ರ ತಿಳಿಯಿತು.

"ಯಾರ ಆಕಿ? ದಿನಾ ಮಾತಾಡತಿ."

ಹಿನಾ ಹೇಳಿದಳು. ಇಷ್ಟು ದಿನ ತಾಯಿಯ ಮುಂದೆ ಆಡದೆ ಇದ್ದದ್ದನ್ನೆಲ್ಲ, ಆ ಡೇರೆಗೆ ಎಂಥವರು ಬರುತ್ತಿದ್ದರು ಅನ್ನುವುದರಿಂದ ಹಿಡಿದು ವಕೀಲೆ ಇವತ್ತು ಆಡಿದ ಮಾತಿನ ತನಕ ಹೇಳಿದಳು. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದಿತು. ಗೌಸಬಿ ಅದನ್ನು ತೆಗೆದು ಪಕ್ಕಕ್ಕಿಟ್ಟಳು.

"ಆಕಿ ತಾಯಿ ಅದಾಳೇನು?"

"ಇಲ್ಲಮ್ಮಾ."

"ಔಷಧ ಕೊಟ್ರ ಸಾಕ್ಷಿ ಸುಳ್ಳ ಆಗತೈತಿ ಅಂತಾರ?"

"ಸುಳ್ಳ ಅಲ್ಲ. ಸುಳ್ಳ ಅನಸ್ತಾರ."

"ಎರಡೂ ಒಂದ ಅಲ್ಲೇನು ಮತ್ತ?" ಅಂದಳು ಗೌಸಬಿ. ಮತ್ತೊಂದು ರೊಟ್ಟಿ ಹಂಚಿಗೆ ಹಾಕುತ್ತ, "ನೀ ಆಕಿಗೆ ಏನ ಹೇಳತಿ?" ಎಂದು ಕೇಳಿದಳು.

ಹೋಗು ಅಂದರೆ ಆ ಗಾಡಿಯಲ್ಲಿ ಅಷ್ಟುದ್ದ ದಾರಿ. ಬೇಡ ಅಂದರೆ ನಾದಿನಿಯ ಸಾವಿಗೆ ಬಾಯಿಲ್ಲ. ಸಾಕ್ಷಿ ಬಿಡು, ಆಪರೇಷನ್ ಮಾಡಿಸುತ್ತೇನೆ ಅನ್ನಬಹುದಿತ್ತು. ಅದೂ ಸುಲಭವಲ್ಲ, ರಾಜಧಾನಿಗೆ ಹೋಗಲು ನಿರಾಶ್ರಿತರಿಗೆ ಅಪ್ಪಣೆ ಬೇಕು, ಅದು ಸಿಕ್ಕೇ ಸಿಗುತ್ತದೆ ಅನ್ನುವ ಹಾಗಿಲ್ಲ. ಎರಡು ದಿನ ಹಿನಾ ಇದನ್ನೇ ತಿರುವಿ ಹಾಕಿದಳು. ಕಡೆಗೆ, ತಾನು ಆರಿಸಬಾರದು ಅಂತ ಗಟ್ಟಿ ಮಾಡಿಕೊಂಡು, ಇದ್ದದ್ದನ್ನು ಇದ್ದಂಗೆ ಹವ್ವಾಗೆ ಹೇಳಿ ಕಳಿಸಿದಳು. ಒಂದು ಮಾಡಿದರೆ ಇನ್ನೊಂದು ತಪ್ಪೀತು, ಯಾವುದನ್ನು ಮಾಡಿದರೂ ನಾನು ನಿನ್ನ ಕಡೆ, ನಿನಗೆ ತಿಳಿದಂತೆ ಮಾಡು ಅಂದಳು.

ಉತ್ತರ ಮರುದಿನ ಮಧ್ಯಾಹ್ನ ಬಂತು. ಆಸ್ಪತ್ರೆಯ ಹಿಂದಿನ ಬೇವಿನ ಗಿಡದ ಕೆಳಗೆ ನಿಂತು ಹಿನಾ ಕೇಳಿದಳು. ಹವ್ವಾಳ ದನಿ ಪಾಠ ಹೇಳುವವರ ದನಿಯಂತೆ ಬಿಡಿಬಿಡಿಯಾಗಿತ್ತು.

"ನಾ ಹೋಗತೇನಿ. ಸೀಟಿನ ಮ್ಯಾಲ ಪ್ಲಾಸ್ಟಿಕ್ ಹಾಸಾಕ ಹೇಳು. ಕಿಟಕಿ ತಗದಿರಲಿ. ಡ್ರೈವರ ಹೆಣ್ಣುಮಗಳಾದ್ರ ಚಲೋ. ಸಿಗದಿದ್ರ ಹೊಳ್ಳಿ ನೋಡಬ್ಯಾಡ ಅಂತ ಆತಗ ಹೇಳು."

ಹಿನಾ ಈ ಮಾತುಗಳನ್ನು ವಕೀಲೆಗೆ ಮುಟ್ಟಿಸಿದಳು. ಹೆಣ್ಣು ಡ್ರೈವರ ಸಿಗಲಿಲ್ಲ. ಉಳಿದದ್ದನ್ನೆಲ್ಲ ಹೇಳಿದಂತೆಯೇ ಮಾಡಿದರು.

ಹವ್ವಾ ಹೇಳಿಕೆ ಕೊಟ್ಟಳು. ಎಷ್ಟೋ ಫೋಟೋಗಳ ನಡುವೆ ಇಟ್ಟಿದ್ದ ಆ ದಂಡಿನ ನಾಯಕನ ಫೋಟೋದ ಮೇಲೆ ಬೆರಳಿಟ್ಟಳು. ಇದಿಷ್ಟನ್ನು ಅವಳೇ ತಿಳಿಸಿದಳು, ತಿರುಗಿ ಬಂದ ಮೇಲೆ. "ಹೇಳೋ ಮುಂದ ಅಳಲಿಲ್ಲ. ಎದ್ದು ನಿಂತ ಮ್ಯಾಲ ಕುರ್ಚಿ ನೋಡಿ ಅತ್ತೆ. ಆ ವಕೀಲ ಹೆಣ್ಣಮಗಳು ತಾನ ಒರಸಿದ್ಲು," ಅಂದಳು. ಅವನು ಎಲ್ಲಿದ್ದಾನೆ, ಯಾವಾಗ ಹಿಡಿಯುತ್ತೀರಿ ಅಂತ ಕೇಳಿದ್ದಳಂತೆ. ಎಲ್ಲಿದ್ದಾನೆ ಅಂತ ಗೊತ್ತು, ಅಲ್ಲಿಗೆ ಹೋಗಲು ನಮಗೆ ಆಗುವುದಿಲ್ಲ ಅಂದರಂತೆ.

ಆಮೇಲೆ ಹಿನಾಳ ಪಾಳಿ ಬಂತು. ಅನ್ನಪೂರ್ಣಾ ತನ್ನ ಕೋಣೆ ಬಿಟ್ಟುಕೊಟ್ಟಳು. ಬಾಗಿಲು ಹಾಕಿಕೊಂಡು, ಲ್ಯಾಪ್‌ಟಾಪಿನ ಮುಂದೆ ಕುಂತು ಹಿನಾ ತಾನು ಕಂಡದ್ದನ್ನು ಹೇಳಿದಳು. ಹೊರಗೆ ಬಾಣಂತಿಯರ ಕೂಸುಗಳು ಅಳುತ್ತಿದ್ದವು, ಮಾತು ಕೇಳಿಸುತ್ತಿಲ್ಲ ಅಂತ ಆ ಕಡೆಯವರು ಒಂದೊಂದು ಪ್ರಶ್ನೆಯನ್ನೂ ಮತ್ತೆ ಕೇಳುತ್ತಿದ್ದರು. ಗಾಯ ಎಲ್ಲಿತ್ತು, ಎಷ್ಟಿತ್ತು, ಹೆರಿಗೆಯಿಂದ ಆಗಿರಬಹುದಲ್ಲವೇ, ಅಲ್ಲ ಅಂತ ಹೇಗೆ ಹೇಳುತ್ತೀರಿ. ಅವಳು ಎಂದೂ ಹೆತ್ತಿರಲಿಲ್ಲ ಅಂತ ಹಿನಾ ಹೇಳಿದಳು. ಮತ್ತೊಮ್ಮೆ ಹೇಳಿ ಅಂದರು. ಮತ್ತೊಮ್ಮೆ ಹೇಳಿದಳು.

ಮುಗಿದ ಮೇಲೆ ವಕೀಲೆ ಒಂದು ಮಾತು ಕೂಡಿಸಿದಳು. ಇನ್ನು ಮೇಲೆ ಹವ್ವಾಳ ಜೊತೆ ಮಾತಾಡದೆ ಇದ್ದರೆ ಒಳ್ಳೆಯದು. ಪ್ರಕರಣ ನಡೆಯುವ ತನಕ. ಆರೋಗ್ಯದ ಮಾತೇ ಆಡಿದರೂ, ಇಬ್ಬರು ಸಾಕ್ಷಿಗಳು ಕೂಡಿ ಕಥೆ ಹೊಂದಿಸಿಕೊಂಡರು ಅನ್ನುತ್ತಾರೆ.

"ಎಷ್ಟು ದಿನ?"

"ಅವನು ಸಿಗುವ ತನಕ ಪ್ರಕರಣ ಶುರುವೇ ಆಗುವುದಿಲ್ಲ," ಅಂದಳು ವಕೀಲೆ.

ಹವ್ವಾಗೂ ಇದನ್ನು ಹೇಳಿರಬೇಕು. ಆದರೂ ಅವಳ ದನಿ ಬಂತು. "ಆ ವಿಷಯ ಮಾತಾಡಬ್ಯಾಡ ಅಂದಾರ. ನಾ ಆ ವಿಷಯ ಮಾತಾಡಂಗಿಲ್ಲ. ಇಲ್ಲೆ ಮಳಿ ಚಾಲೂ ಆಗೈತಿ. ಡೇರಿಯೊಳಗ ನೀರ ಬರಾಕ ಹತ್ತೈತಿ. ನಿಮ್ಮ ತಾಯಿ ಆರಾಮ ಅದಾಳ?"

ಹಿನಾ ಉತ್ತರ ಕೊಡಲಿಲ್ಲ. ಕೊಡಲು ಫೋನಿನ ದನಿ ಗುಂಡಿ ಒತ್ತಿಹಿಡಿದಳು, ಹವ್ವಾ ಅಂತ ಹೆಸರು ಹಿಡಿದಳು, ಬಿಟ್ಟಳು. ಅಳಿಸಿಬಿಟ್ಟಳು. ಆ ಹೆಣ್ಣುಮಗಳು ಪ್ಲಾಸ್ಟಿಕ್ ಮೇಲೆ ಕುಂತು ಹೋಗಿ ಹೇಳಿ ಬಂದದ್ದು ತನ್ನ ಒಂದು ಮಾತಿನಿಂದ ಹಾಳಾಗಬಾರದು.

ಇನ್ನೊಂದು ಬಂತು. "ಕೇಳೀಯೇನು? ನೀ ಕೇಳಿದ್ದು ಇಲ್ಲೆ ಫೋನಿನ್ಯಾಗ ತಿಳೀತೈತಿ. ಬರೇ ಕೇಳತಿ, ಮಾತಾಡವಲ್ಲಿ."

ಗೌಸಬಿ ತಡೆಯಲಾರದೆ ಹೇಳಿದಳು, "ನಾನೇನ ಸಾಕ್ಷಿ ಅಲ್ಲಲ್ಲ. ನಾ ಸಲಾಮ್ ಹೇಳತೇನಿ, ಕೊಡ ಇಲ್ಲಿ."

"ಬ್ಯಾಡಮ್ಮಾ. ನಿನ್ನ ದನಿ ಅಂದ್ರೂ ನನ್ನ ದನಿ ಅಂತಾರ."

ತಾಯಿ ಚಾಚಿದ ಕೈಯನ್ನು ಹಾಗೇ ತೊಡೆಯ ಮೇಲೆ ಇಟ್ಟುಕೊಂಡಳು.

ಹಿನಾ ವಕೀಲೆಗೆ ಬರೆದು ಕೇಳಿದಳು. ನನಗೆ ಸಿಟ್ಟಿಲ್ಲ ಅನ್ನುವ ಒಂದು ಮಾತು ಹೇಳಬಹುದೇ ಅಂತ. ಮುಂದಿನ ಸಲ ಹೋದಾಗ ನಾವೇ ಹೇಳುತ್ತೇವೆ ಅಂತ ಉತ್ತರ ಬಂತು. ಮಳೆಗೆ ಹಳ್ಳ ತುಂಬಿ ರಸ್ತೆ ಮುಚ್ಚಿದೆ, ಮುಂದಿನ ಸಲ ಯಾವಾಗ ಅಂತ ಗೊತ್ತಿಲ್ಲ ಅಂತಲೂ ಇತ್ತು. ಚಿಕಿತ್ಸೆಯ ಬಗ್ಗೆ, ಸಂಬಂಧಪಟ್ಟ ವಿಭಾಗಕ್ಕೆ ಮತ್ತೆ ನೆನಪಿಸಲಾಗಿದೆ.

ಮುನವಳ್ಳಿಯಲ್ಲಿ ಹೆಸರುಕಾಯಿ ಬಿಡಿಸುವ ಹೊತ್ತಿಗೆ ದನಿ ಬರುವುದು ನಿಂತಿತು. ಅಲ್ಲಿ ಹಿಂದೆ ಜೊತೆಗಿದ್ದ ಒಬ್ಬ ನರ್ಸನ್ನು ವಿಚಾರಿಸಿದಾಗ, ಗಡಿಯ ಹತ್ತಿರದ ಡೇರೆಗಳನ್ನು ಕಿತ್ತು ಜನರನ್ನು ಇನ್ನೂ ಒಳಗೆ, ಬೇರೆ ಬೇರೆ ಕಡೆ ಸಾಗಿಸಿದರು ಅಂತ ಗೊತ್ತಾಯಿತು. ಹವ್ವಾ ಯಾವ ಕಡೆಗೆ ಹೋದಳೋ, ಅಥವಾ ಲಾರಿ ಹತ್ತಲು ನಾಚಿ ಅಲ್ಲೇ ಉಳಿದಳೋ ಯಾರಿಗೂ ಗೊತ್ತಿರಲಿಲ್ಲ. ಫೋನು ಯಾರದೋ ಆಗಿತ್ತು. ಹಿನಾ ವಕೀಲೆಗೆ ತಿಳಿಸಿದಳು. ಅವರೂ ಹುಡುಕುತ್ತಿದ್ದರು.

ಅನ್ನಪೂರ್ಣಾ ಈಗಲೂ ಆಗಾಗ ಕೇಳುತ್ತಾಳೆ, "ಏನರೆ ಸುದ್ದಿ?" ಹಿನಾ ಇಲ್ಲ ಅಂತ ತಲೆ ಅಲ್ಲಾಡಿಸುತ್ತಾಳೆ. ಡಾಕ್ಟರು ಮುಂದಿನ ಪೇಷಂಟನ್ನು ಒಳಗೆ ಕಳಿಸು ಅನ್ನುತ್ತಾಳೆ. ಗೌಸಬಿ ಮಾತ್ರ ಕೇಳುವುದನ್ನು ಬಿಟ್ಟಿದ್ದಾಳೆ. ನಮಾಜು ಮುಗಿಸಿ ಕೈ ಎತ್ತಿದಾಗ, ಮನೆಯ ಎಲ್ಲರ ಹೆಸರು ಆದ ಮೇಲೆ, ತಾನು ಮುಖ ನೋಡದ ಒಬ್ಬ ಹುಡುಗಿಯ ಹೆಸರನ್ನೂ ಅವಳು ಹೇಳುವುದು ಹಿನಾಗೆ ಪಕ್ಕದ ಕೋಣೆಯಿಂದ ಕೇಳಿಸುತ್ತದೆ. ಏನು ಬೇಡುತ್ತಾಳೆ ಅನ್ನುವುದು ಕೇಳಿಸುವುದಿಲ್ಲ.